ಮೇಲಿನ ಮನೆಗೆ ಬಾಡಿಗೆ ಯಾಕೆ ಕಡಿಮೆ?

ವಿಜಯಪುರದ ಆಶ್ರಮ ರಸ್ತೆಯಿಂದ ಒಳಗೆ ಹೋದರೆ ಸಿಗುವ ಒಂದು ಎರಡಂತಸ್ತಿನ ಮನೆ. ಮೂವತ್ತು ನಲವತ್ತರ ಸೈಟು. ಕೆಳಗೂ ಎರಡು ಬೆಡ್‌ರೂಮು, ಮೇಲೂ ಎರಡು. ಅದೇ ಗೌಂಡಿ, ಅದೇ ವರ್ಷ, ಅದೇ ಟೈಲ್ಸು. ಕೆಳಗಿನದಕ್ಕೆ ತಿಂಗಳ ಬಾಡಿಗೆ 9,000 ರೂಪಾಯಿ, ಮೇಲಿನದಕ್ಕೆ 7,500. ಮನೆ ಮೇಲೆ ಸಾಲ ಕೇಳಿದ್ದರು. ಬ್ಯಾಂಕಿನ ಪರವಾಗಿ ಬೆಲೆ ಕಟ್ಟಲು ಹೋದವನು ನಾನು, ಮೇ ತಿಂಗಳ ಮಧ್ಯಾಹ್ನ, ಕೈಯಲ್ಲಿ ಟೇಪು.

"ಯಾಕ್ರಿ ಕಾಕಾ, ಮ್ಯಾಲಿಂದು ಒಂದೂವರಿ ಸಾವಿರ ಕಡಿಮಿ?" ಎಂದೆ.

ಮಾಲೀಕರು ಉತ್ತರ ಕೊಡಲಿಲ್ಲ. ಮೇಲೆ ಕರೆದುಕೊಂಡು ಹೋಗಿ ಒಂದು ಸ್ಟೂಲು ತಂದಿಟ್ಟರು. "ಹತ್ತಿ ಸ್ಲ್ಯಾಬಿಗೆ ಕೈ ಹಚ್ಚರಿ." ಹಚ್ಚಿದೆ. ರೊಟ್ಟಿ ಬಡಿದು ಮುಗಿಸಿ ಅರ್ಧ ತಾಸಾದ ಮೇಲೆ ಹಂಚು ಹೇಗಿರುತ್ತದೆಯೋ ಹಾಗಿತ್ತು.

ಮನೆಯ ತಂಪಿಗೆ, ಕರೆಂಟಿನ ಉಳಿತಾಯಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಇದೆಯೇ? ಮನೆಗೊಂದು ಹಸಿರು ಪ್ರಮಾಣಪತ್ರ, ನಕ್ಷತ್ರದ ಗುರುತು ಇದ್ದರೆ ನಾಲ್ಕು ಕಾಸು ಹೆಚ್ಚು ಬರುತ್ತದೆಯೇ? ಯುರೋಪಿನಲ್ಲಿ ಇಪ್ಪತ್ತು ವರ್ಷಗಳಿಂದ ನಡೆಯುತ್ತಿರುವ ಈ ಚರ್ಚೆ ಈಗ ನಮ್ಮಲ್ಲೂ ಬಿಲ್ಡರ್‌ಗಳ ಜಾಹೀರಾತಿನ ಮೂಲಕ ಬಂದಿದೆ. ಆದರೆ ಆ ಒಂದೂವರೆ ಸಾವಿರವನ್ನು ನೋಡಿದರೆ ಗೊತ್ತಾಗುತ್ತದೆ, ತಂಪಿಗೆ ನಮ್ಮೂರಲ್ಲಿ ಯಾವತ್ತಿನಿಂದಲೋ ಬೆಲೆ ಇದೆ. ಅದಕ್ಕೊಂದು ಚೀಟಿ ಅಂಟಿಸಿಲ್ಲ, ಅಷ್ಟೇ.

ಆದರೆ ಸ್ವಲ್ಪ ತಡೆಯಿರಿ. ಆ ಒಂದೂವರೆ ಸಾವಿರ ಪೂರ್ತಿ ಬಿಸಿಲಿನದೇ? ಮೇಲಿನ ಮನೆಗೆ ಮೆಟ್ಟಿಲು ಹತ್ತಬೇಕು, ಮೊಣಕಾಲು ನೋವಿನ ಅತ್ತೆ ಇದ್ದರೆ ಒಲ್ಲೆ ಅನ್ನುತ್ತಾರೆ. ನಳದ ನೀರು ಕೆಳಗೆ ಸಲೀಸಾಗಿ ಬರುತ್ತದೆ, ಮೇಲೆ ಮೋಟರು ಬೇಕು. ಗಾಡಿ ನಿಲ್ಲಿಸುವ ಜಾಗ ಕೆಳಗಿನವರದು. ಹಾಗಾದರೆ ಬಿಸಿಲಿನ ಪಾಲು ಎಷ್ಟು, ಮೆಟ್ಟಿಲಿನದೆಷ್ಟು, ನೀರಿನದೆಷ್ಟು?

ಇದೇ ಪ್ರಶ್ನೆಯನ್ನು ಅರ್ಥಶಾಸ್ತ್ರಜ್ಞರು ಬಿಡಿಸುವ ರೀತಿಯನ್ನು ತಿಳಿಯಲು ಸಿದ್ಧೇಶ್ವರ ಜಾತ್ರೆಯ ದನದ ಪೇಟೆಗೆ ಹೋದರೆ ಸಾಕು. ಸಂಕ್ರಾಂತಿ ಹೊತ್ತಿಗೆ ಅಲ್ಲಿ ಖಿಲಾರಿ ಎತ್ತುಗಳ ಸಾಲು. ಕೊಳ್ಳುವವನು ಬಾಯಿ ತೆಗೆಸಿ ಹಲ್ಲು ಎಣಿಸುತ್ತಾನೆ, ಕೋಡು ನೋಡುತ್ತಾನೆ, ಸುಳಿ ಹುಡುಕುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಗೊರಸಿನ ಸದ್ದು ಕೇಳುತ್ತಾನೆ. ಆಮೇಲೆ ವಲ್ಲಿಯ ಕೆಳಗೆ ಬೆರಳು ಹಿಡಿದು ದರ. ಹೇಳುವುದು ಒಂದೇ ಬೆಲೆ, ಆದರೆ ಅದರೊಳಗೆ ಹಲ್ಲಿಗಿಷ್ಟು, ಕೋಡಿಗಿಷ್ಟು, ನಡಿಗೆಗಿಷ್ಟು ಸೇರಿರುತ್ತದೆ. ಒಂದು ಜೋಡಿಯನ್ನು ನೋಡಿದರೆ ಅದು ತಿಳಿಯದು. ಸಾವಿರ ಜೋಡಿಯ ಲೆಕ್ಕ ಬರೆದಿಟ್ಟು, ಬಾಕಿ ಎಲ್ಲ ಸಮ ಇದ್ದು ಹಲ್ಲು ಮಾತ್ರ ಬೇರೆ ಇರುವ ಜೋಡಿಗಳನ್ನು ಹೋಲಿಸಿದರೆ ಹಲ್ಲಿನ ಬೆಲೆ ಹೊರಬೀಳುತ್ತದೆ. 1974ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಶೆರ್ವಿನ್ ರೋಸೆನ್ ಈ ಯೋಚನೆಗೆ ಗಣಿತದ ಚೌಕಟ್ಟು ಹಾಕಿಕೊಟ್ಟರು. ಮನೆಗಳ ಹಸಿರು ಗುರುತಿನ ಬೆಲೆಯನ್ನು ಲೆಕ್ಕ ಹಾಕಿದ ಅಧ್ಯಯನಗಳು ಬಹುಪಾಲು ನಿಂತಿರುವುದು ಇದರ ಮೇಲೆಯೇ. ನಮ್ಮ ರೈತರು ಬೆರಳಲ್ಲಿ ಮಾಡುವುದನ್ನು ಅವರು ಕಂಪ್ಯೂಟರಿನಲ್ಲಿ ಮಾಡುತ್ತಾರೆ.

ಲೆಕ್ಕಕ್ಕೆ ಮೊದಲು ಗುರುತು ಬೇಕಲ್ಲ. ಯುರೋಪಿನ ಒಕ್ಕೂಟ 2002ರಲ್ಲಿ ಒಂದು ನಿರ್ದೇಶನ ತಂದಿತು. ಮನೆ ಮಾರುವವರು, ಬಾಡಿಗೆಗೆ ಕೊಡುವವರು ಆ ಮನೆಯ ಶಕ್ತಿ ಬಳಕೆಯ ಪ್ರಮಾಣಪತ್ರ ತೋರಿಸಬೇಕು. ಎ ಯಿಂದ ಜಿ ವರೆಗೆ ದರ್ಜೆ, ಎ ಅಂದರೆ ಕಡಿಮೆ ಖರ್ಚಿನ ಮನೆ, ಜಿ ಅಂದರೆ ತೂತು ಬಿದ್ದ ಮಡಕೆ. ಅಲ್ಲಿಯ ಸಮಸ್ಯೆ ನಮ್ಮದರ ತಿರುವುಮುರುವು, ಚಳಿಗಾಲದಲ್ಲಿ ಮನೆ ಬೆಚ್ಚಗಿಡುವುದೇ ದೊಡ್ಡ ಖರ್ಚು.

ನೆದರ್ಲೆಂಡ್ಸಿನ ಮಾರಾಟಗಳನ್ನು ನೋಡಿದ ಸಂಶೋಧಕರು 2011ರಲ್ಲಿ ಹೇಳಿದ್ದು, ಎ, ಬಿ, ಸಿ ದರ್ಜೆಯ ಮನೆಗಳಿಗೆ ಬಾಕಿಯವಕ್ಕಿಂತ ಸುಮಾರು ಶೇ 3.7 ಹೆಚ್ಚು ಬೆಲೆ. ಐರ್ಲೆಂಡಿನಲ್ಲಿ ಡಿ ದರ್ಜೆಗೆ ಹೋಲಿಸಿದರೆ ಎ ದರ್ಜೆಗೆ ಸುಮಾರು ಶೇ 9. ಅಲ್ಲೇ ಬಾಡಿಗೆ ನೋಡಿದರೆ ವ್ಯತ್ಯಾಸ ಶೇ 2ನ್ನೂ ಮುಟ್ಟುವುದಿಲ್ಲ. ಸಿಂಗಪುರದಲ್ಲಿ ಅವರದೇ ಹಸಿರು ಪ್ರಮಾಣಪತ್ರಕ್ಕೆ ಸುಮಾರು ಶೇ 4. ಕ್ಯಾಲಿಫೋರ್ನಿಯಾದ್ದು ಸ್ವಲ್ಪ ತಮಾಷೆಯ ಕಥೆ. 2012ರಲ್ಲಿ ಇಬ್ಬರು ಸಂಶೋಧಕರು ಶೇ 9 ಎಂದು ವರದಿ ಕೊಟ್ಟರು, ಬಿಲ್ಡರ್‌ಗಳು ಕುಣಿದರು. ಎರಡು ವರ್ಷದ ನಂತರ ಅದೇ ಇಬ್ಬರ ಪ್ರಬಂಧ ವಿದ್ವತ್ ಪತ್ರಿಕೆಯಲ್ಲಿ ಅಚ್ಚಾದಾಗ ಅದರಲ್ಲಿದ್ದದ್ದು ಬಹಳ ಚಿಕ್ಕ ಅಂಕಿ. ಮೋಸವೇನೂ ಅಲ್ಲ. ಹೋಲಿಕೆಯನ್ನು ಬಿಗಿ ಮಾಡಿದಷ್ಟೂ ಗುರುತಿನ ಪಾಲು ಕರಗುತ್ತದೆ, ಯಾಕೆಂದರೆ ಗುರುತು ಪಡೆದ ಮನೆ ಸಾಮಾನ್ಯವಾಗಿ ಹೊಸದು, ಒಳ್ಳೆಯ ಬಡಾವಣೆಯದು, ಅಡುಗೆಮನೆಯೂ ಚೆನ್ನಾಗಿರುವಂಥದ್ದು. ಹಾಗಾಗಿ "ಹಸಿರು ಮನೆಗೆ ಶೇ ಇಷ್ಟು ಹೆಚ್ಚು" ಎಂಬ ಮಾತು ಬಂದಾಗಲೆಲ್ಲ ನಾನು ಕೇಳುವುದು, ಯಾವ ಮನೆಗೆ ಹೋಲಿಸಿದಿರಿ?

ಕ್ಯಾಲಿಫೋರ್ನಿಯಾದ ಆ ಅಧ್ಯಯನದಲ್ಲಿ ನಮಗೆ ತಾಗುವ ಮಾತೊಂದಿದೆ. ಬಿಸಿಲು ಹೆಚ್ಚಿರುವ ಪ್ರದೇಶದಲ್ಲಿ ಗುರುತಿಗೆ ಸಿಗುವ ಬೆಲೆಯೂ ಹೆಚ್ಚು. ವಿಜಯಪುರದಲ್ಲಿ ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುತ್ತದೆ. ಬೆಳಗಾವಿಯಲ್ಲಿ ಸಂಜೆಗೆ ಗಾಳಿ ಬೀಸುತ್ತದೆ, ಅಲ್ಲಿ ಮನೆ ನೋಡಲು ಬಂದವರು ಮೊದಲು ಕೇಳುವುದು ಮಳೆಗಾಲದಲ್ಲಿ ಸೋರುತ್ತದೆಯೇ ಎಂದು. ಬಿಸಿಲನ್ನು ವಾಪಸ್ ಎಸೆಯುವ ಒಂದೇ ಬಿಳಿ ಮಾಳಿಗೆಗೆ, ಅಂದರೆ ತಾರಸಿಗೆ, ಎರಡೂರಲ್ಲಿ ಎರಡು ಬೆಲೆ.

ಡೆನ್ಮಾರ್ಕಿನ ಪಾಠ ಇನ್ನೂ ಮುಖ್ಯ ಅಂತ ನನ್ನ ಭಾವನೆ. ಅಲ್ಲಿ ಮೊದಲೂ ಪ್ರಮಾಣಪತ್ರ ಇತ್ತು, ಕಡತದೊಳಗೆ. ಬೆಲೆಯ ಮೇಲೆ ಅದರ ಪ್ರಭಾವ ಅಷ್ಟಕ್ಕಷ್ಟೇ. 2010ರಲ್ಲಿ ಮಾರಾಟದ ಜಾಹೀರಾತಿನಲ್ಲೇ ದರ್ಜೆ ಹಾಕಬೇಕು ಎಂದು ನಿಯಮ ಬಂತು. ಮನೆಗಳು ಬದಲಾಗಲಿಲ್ಲ, ಗೋಡೆ ಅದೇ, ಕಿಟಕಿ ಅದೇ. ಆದರೆ ಒಳ್ಳೆಯ ದರ್ಜೆಗೂ ಕೆಟ್ಟ ದರ್ಜೆಗೂ ನಡುವಿನ ಬೆಲೆಯ ಅಂತರ ಹಿಗ್ಗಿತು. ಕಣ್ಣಿಗೆ ಬಿದ್ದದ್ದಕ್ಕೆ ಬೆಲೆ ಬಂತು. 1970ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ ಹಳೆ ಕಾರುಗಳ ಬಗ್ಗೆ ಹೇಳಿದ್ದೂ ಇದನ್ನೇ. ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ ಎಂದಾದರೆ ಕೊಳ್ಳುವವನು ಎಲ್ಲವನ್ನೂ ಕಳಪೆ ಎಂದೇ ಭಾವಿಸಿ ದರ ಹೇಳುತ್ತಾನೆ, ಒಳ್ಳೆಯ ಮಾಲು ಪೇಟೆಗೆ ಬರುವುದೇ ನಿಲ್ಲುತ್ತದೆ. ಈ ಮಾತಿಗೆ ಅವರಿಗೆ 2001ರಲ್ಲಿ ನೊಬೆಲ್ ಸಿಕ್ಕಿತು. ಇಂಗ್ಲೆಂಡಿನಲ್ಲಿ ಮತ್ತೊಂದು ಹೆಜ್ಜೆ ಮುಂದೆ ಹೋಗಿ, 2018ರಿಂದ ಇ ದರ್ಜೆಗಿಂತ ಕೆಳಗಿನ ಮನೆಯನ್ನು ಹೊಸದಾಗಿ ಬಾಡಿಗೆಗೆ ಕೊಡುವ ಹಾಗಿಲ್ಲ ಎಂದರು, ಕೆಲವು ವಿನಾಯಿತಿ ಬಿಟ್ಟು. ಅಂಥ ಕಡೆ ದರ್ಜೆಗೆ ಬೆಲೆ ಬರುವುದು ಕಾನೂನಿನಿಂದಲೇ.

ಇನ್ನು ನಮ್ಮ ಕಡೆಗೆ ಬರೋಣ. ಫ್ರಿಜ್ಜು ಕೊಳ್ಳುವಾಗ ಎಷ್ಟು ಸ್ಟಾರ್ ಎಂದು ಕೇಳದ ಮನೆ ಈಗ ವಿಜಯಪುರದ ಗಾಂಧಿ ಚೌಕದಲ್ಲೂ ಇಲ್ಲ, ಇಂಡಿ ತಾಲ್ಲೂಕಿನಲ್ಲೂ ಇಲ್ಲ. ಆ ನಕ್ಷತ್ರ ಕೊಡುವುದು ಕೇಂದ್ರದ ಇಂಧನ ದಕ್ಷತಾ ಬ್ಯೂರೋ, 2006ರಿಂದ. ಅದೇ ಬ್ಯೂರೋ 2019ರಲ್ಲಿ ವಾಸದ ಮನೆಗಳಿಗೂ ಒಂದರಿಂದ ಐದು ನಕ್ಷತ್ರದ ಯೋಜನೆ ಶುರು ಮಾಡಿತು. ಎಂಟು ಸಾವಿರದ ಮಿಕ್ಸರು, ಇಪ್ಪತ್ತೈದು ಸಾವಿರದ ಫ್ರಿಜ್ಜಿಗೆ ಇಷ್ಟು ವಿಚಾರಿಸುವ ನಾವು ನಲವತ್ತು ಲಕ್ಷದ ಮನೆಗೆ ವಾಸ್ತು ಕೇಳಿ ಸುಮ್ಮನಾಗುತ್ತೇವೆ. ಇದರ ಜೊತೆಗೆ ಭಾರತೀಯ ಕೈಗಾರಿಕಾ ಒಕ್ಕೂಟದ ಹಸಿರು ಕಟ್ಟಡ ಮಂಡಳಿ (ಐಜಿಬಿಸಿ) ಕೊಡುವ ಹಸಿರು ಮನೆ ಪ್ರಮಾಣಪತ್ರ ಇದೆ, ಇಂಧನ ಸಂಶೋಧನೆಯ ಟೆರಿ ಸಂಸ್ಥೆ ರೂಪಿಸಿದ "ಗೃಹ" ಎಂಬ ದರ್ಜೆ ಇದೆ, ವಿಶ್ವಬ್ಯಾಂಕ್ ಸಮೂಹದ ಐಎಫ್‌ಸಿಯ "ಎಡ್ಜ್" ಎಂಬ ಪ್ರಮಾಣಪತ್ರ ಇದೆ. ಎಡ್ಜ್ ಸಿಗಬೇಕಾದರೆ ಶಕ್ತಿಯ ಬಳಕೆ, ನೀರಿನ ಬಳಕೆ, ಕಟ್ಟುವ ಸಾಮಗ್ರಿಯ ತಯಾರಿಕೆಯಿಂದ ಪರಿಸರದ ಮೇಲೆ ಬೀಳುವ ಹೊರೆ, ಈ ಮೂರೂ ಕನಿಷ್ಠ ಶೇ 20 ಕಡಿಮೆಯಾಗಬೇಕು. ಒಂದು ಎಚ್ಚರ: ಜಾಹೀರಾತಿನಲ್ಲಿ ಪೂರ್ವ ಪ್ರಮಾಣೀಕೃತ ಎಂದಿದ್ದರೆ ಅದು ನಕ್ಷೆಗೆ ಸಿಕ್ಕ ಮಾನ್ಯತೆ, ಕಟ್ಟಿದ ಮನೆಗೆ ಸಿಕ್ಕದ್ದಲ್ಲ.

ಸರ್ಕಾರದ ನಿಯಮಗಳೂ ಇವೆ. ಆದರೆ ಅವು ನಮ್ಮ ತಲೆಯ ಮೇಲಿಂದ ಹಾದು ಹೋಗುತ್ತವೆ. ವಾಸದ ಮನೆಗಳಲ್ಲಿ ಶಕ್ತಿ ಉಳಿಸಲೆಂದು 2018ರ ಡಿಸೆಂಬರಿನಲ್ಲಿ ಕೇಂದ್ರ ತಂದ ಇಕೋ ನಿವಾಸ ಸಂಹಿತೆ 500 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ನಿವೇಶನಕ್ಕೆ ಬರೆದದ್ದು. ನಮ್ಮ ಮೂವತ್ತು ನಲವತ್ತು ಅಂದರೆ 111 ಚದರ ಮೀಟರ್. 2022ರಲ್ಲಿ ತಿದ್ದುಪಡಿಯಾದ ಇಂಧನ ಸಂರಕ್ಷಣಾ ಕಾಯ್ದೆ 100 ಕಿಲೋವ್ಯಾಟ್ ಅಥವಾ ಅದಕ್ಕಿಂತ ಹೆಚ್ಚು ವಿದ್ಯುತ್ ಹೊರೆಯ ವಸತಿ ಕಟ್ಟಡಗಳನ್ನು ನೋಡುತ್ತದೆ, ಹೆಸ್ಕಾಂನವರು ನಮ್ಮ ಮನೆಗೆ ಮಂಜೂರು ಮಾಡಿರುವುದು ಮೂರು ಕಿಲೋವ್ಯಾಟ್. ಅಪಾರ್ಟ್‌ಮೆಂಟ್ ಬೆಳೆದ ಮೇಲೆ ಬೆಳಗಾವಿಗೆ ಇದರ ಬಿಸಿ ತಟ್ಟಬಹುದು. ವಿಜಯಪುರದ ಜಲನಗರದ ಬಿಡಿ ಮನೆಗೆ ಸದ್ಯಕ್ಕಿಲ್ಲ.

ಆದರೂ ಆ ಸಂಹಿತೆಯ ಒಂದು ಅಂಕಿಯನ್ನು ನೆನಪಿಡಿ. ಛಾವಣಿಯ ಶಾಖ ದಾಟುವಿಕೆ 1.2ಕ್ಕಿಂತ ಹೆಚ್ಚಿರಬಾರದು ಎನ್ನುತ್ತದೆ ಅದು. ಅಂದರೆ ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸ ಇದ್ದರೆ ಒಂದು ಚದರ ಮೀಟರಿನಿಂದ ಇಳಿದು ಬರುವ ಶಾಖ 1.2 ವ್ಯಾಟ್. ನಮ್ಮಲ್ಲಿ ಹಾಕುವ ಐದಿಂಚಿನ ಬರಿಯ ಸ್ಲ್ಯಾಬಿಗೆ ಅದು 3.5ರ ಹತ್ತಿರ. ಸಾವಿರ ಚದರ ಅಡಿಯ ಮಾಳಿಗೆ ಅಂದರೆ 93 ಚದರ ಮೀಟರ್. ಮೇ ಮಧ್ಯಾಹ್ನ ಸ್ಲ್ಯಾಬಿನ ಮೇಲ್ಮೈ 60 ಡಿಗ್ರಿ, ಕೆಳಗಿನ ಕೋಣೆ 34 ಎಂದು ಹಿಡಿದರೆ ವ್ಯತ್ಯಾಸ 26. ಗುಣಿಸಿ ನೋಡಿ, ಬರಿಯ ಸ್ಲ್ಯಾಬಿನಿಂದ ಸುಮಾರು 8,500 ವ್ಯಾಟ್, ಸಂಹಿತೆಯ ಛಾವಣಿಯಿಂದ 2,900. ಒಂದೂವರೆ ಟನ್ನಿನ ಏಸಿ ಹೊರಗೆ ಹಾಕಬಲ್ಲ ಶಾಖ ಸುಮಾರು 5,250 ವ್ಯಾಟ್. ಅಂದರೆ ಮಾಳಿಗೆಯೊಂದಕ್ಕೇ ಅಂಥ ಒಂದು ಏಸಿ ಸಾಲದು. ಇದು ಒರಟು ಲೆಕ್ಕ, ನಿಜದಲ್ಲಿ ಸ್ಲ್ಯಾಬು ಶಾಖವನ್ನು ಕುಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ. ಅದಕ್ಕೇ ಹೊರಗೆ ತಂಗಾಳಿ ಬೀಸುವ ಒಂಬತ್ತು ಗಂಟೆಗೂ ಒಳಗೆ ಫ್ಯಾನು ಬಿಸಿ ಗಾಳಿಯನ್ನೇ ಎರಚುವುದು.

ಈಗ ದುಡ್ಡಿನ ಲೆಕ್ಕ. ಮಾಳಿಗೆಯನ್ನು ಸರಿಪಡಿಸಿದ್ದರಿಂದ ಬೇಸಿಗೆಯ 120 ದಿನ ದಿನಕ್ಕೆ 5 ಯೂನಿಟ್ ಉಳಿಯಿತೆನ್ನಿ. 600 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ ವರ್ಷಕ್ಕೆ 3,600. ಇಪ್ಪತ್ತು ವರ್ಷ ಬರುವ ಈ ಉಳಿತಾಯವನ್ನು ಗೃಹಸಾಲದ ಶೇ 9ರ ಬಡ್ಡಿಯಲ್ಲಿ ಇವತ್ತಿನ ದುಡ್ಡಿಗೆ ಇಳಿಸಿದರೆ ಸುಮಾರು 33,000 ರೂಪಾಯಿ. 40 ಲಕ್ಷದ ಮನೆಯಲ್ಲಿ ಅದು ಶೇ 1 ಕೂಡ ಆಗಲಿಲ್ಲ. ಹೊರದೇಶದ ಶೇ 4, ಶೇ 9ನ್ನು ಇಲ್ಲಿಗೆ ತಂದು ಅಂಟಿಸುವ ಬ್ರೋಷರುಗಳನ್ನು ನಾನು ನಂಬದಿರುವುದು ಇದಕ್ಕೇ.

ಇದಕ್ಕೊಂದು ತಿರುವು ಕೊಟ್ಟದ್ದು ಗೃಹಜ್ಯೋತಿ. 2023ರ ಆಗಸ್ಟಿನಿಂದ ಶೂನ್ಯ ಬಿಲ್ಲು ಬರತೊಡಗಿದ ಮೇಲೆ, 2022-23ರ ಸರಾಸರಿ ಬಳಕೆಗೆ ಶೇ 10 ಸೇರಿಸಿದ ಮಿತಿಯೊಳಗೆ ಇರುವವರಿಗೆ ಕರೆಂಟಿನ ಉಳಿತಾಯ ಅಂದರೆ ಉಳಿದದ್ದು ಸೊನ್ನೆ ರೂಪಾಯಿ. ದಕ್ಷ ಮನೆಗೂ ಅದಕ್ಷ ಮನೆಗೂ ಬಿಲ್ಲು ಒಂದೇ. ಆದರೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು. ಸರಾಸರಿ 175 ಇದ್ದ ಒಂದು ಕುಟುಂಬವನ್ನು ಹಿಡಿಯಿರಿ. ತಂಪಾದ ಮನೆಯಲ್ಲಿ ಮೇ ತಿಂಗಳಿಗೆ 190 ಯೂನಿಟ್ ಉರಿದರೆ ಬಿಲ್ಲು ಸೊನ್ನೆ. ಅವರೇ ಸುಡುವ ಮನೆಯಲ್ಲಿದ್ದು 260 ಉರಿಸಿದರೆ, ನಿಗದಿತ ಶುಲ್ಕ ಬಿಟ್ಟು, 1,560 ರೂಪಾಯಿ. ಹೆಚ್ಚಾದ 70 ಯೂನಿಟ್ಟಿಗೆ ಒಂದೊಂದಕ್ಕೆ 22 ರೂಪಾಯಿ ಬಿದ್ದಂತಾಯಿತು! ಮಿತಿಯೊಳಗೆ ಉಳಿತಾಯಕ್ಕೆ ಬೆಲೆಯೇ ಇಲ್ಲ, ಮಿತಿಯ ಅಂಚಿನಲ್ಲಿ ಚಿನ್ನದ ಬೆಲೆ. ಮನೆ ಕೊಳ್ಳುವ ಕುಟುಂಬ ಈ ಅಂಚಿನ ಯಾವ ಬದಿಗಿದೆ ಎಂಬುದರ ಮೇಲೆ ಅದೇ ಮಾಳಿಗೆಯ ಬೆಲೆ ಬದಲಾಗುತ್ತದೆ.

ಬಾಡಿಗೆ ಮನೆಯಲ್ಲಿ ಮತ್ತೊಂದು ಗಂಟು. ಕಟ್ಟಿಸುವವನು ಒಬ್ಬ, ಬೆವರುವವನು ಇನ್ನೊಬ್ಬ. ಮಾಳಿಗೆಗೆ ಸುಣ್ಣ ಬಳಿಸಿದ ಖರ್ಚು ಮಾಲೀಕನದು, ಕಡಿಮೆಯಾದ ಬಿಲ್ಲು ಬಾಡಿಗೆದಾರನದು. ಐರ್ಲೆಂಡಿನಲ್ಲಿ ಮಾರಾಟಕ್ಕಿಂತ ಬಾಡಿಗೆಯಲ್ಲಿ ವ್ಯತ್ಯಾಸ ಚಿಕ್ಕದಿರುವುದರ ಹಿಂದೆಯೂ ಇಂಥದೇ ಕಾರಣ ಇರಬೇಕು.

ಹಾಗಿದ್ದರೆ ನಮ್ಮಂಥ ಮೌಲ್ಯಮಾಪಕರು ಏನು ಮಾಡುತ್ತೇವೆ ಎಂದು ನೀವು ಕೇಳಬಹುದು. ನಾಚಿಕೆಯ ಸಂಗತಿ. ನನ್ನ ಮುಂದಿರುವ ನಮೂನೆಯಲ್ಲಿ ನಿವೇಶನದ ಅಳತೆ, ಮಾರ್ಗಸೂಚಿ ದರ, ಪೇಟೆಯ ದರ, ಕಟ್ಟಡದ ಚದರ ಅಡಿ, ಕಟ್ಟಿದ ವರ್ಷ, ವಯಸ್ಸಿಗೆ ತಕ್ಕಂತೆ ಬೆಲೆಯಲ್ಲಿ ಕಳೆಯುವ ಸವಕಳಿ, ಇಷ್ಟಕ್ಕೆ ಕಾಲಂ ಇದೆ. ನೆಲಕ್ಕೆ ಗ್ರಾನೈಟ್ ಇದ್ದರೆ ಬರೆಯುತ್ತೇನೆ, ತೇಗದ ಬಾಗಿಲಿದ್ದರೆ ಬರೆಯುತ್ತೇನೆ. ತಂಪಿಗೆ ಕಾಲಂ ಇಲ್ಲ. ಸವಕಳಿಯ ಲೆಕ್ಕದಲ್ಲಿ ಹಳೆ ಮಣ್ಣಿನ ಮಾಳಿಗೆ ಮನೆಗೆ ಕೊನೆಗೆ ಉಳಿಯುವುದು ಜಾಗದ ಬೆಲೆಯೊಂದೇ. ಎರಡಡಿ ಗೋಡೆ, ಮೇಲೆ ಮುದ್ದೆ ಮಣ್ಣು, ನಡುವೆ ಬೆಳಕಿಂಡಿ. ಆಲಮಟ್ಟಿಯ ಹಿನ್ನೀರಿಗೆ ಹಳೇ ಬಾಗಲಕೋಟೆಯ ಭಾಗ ಮುಳುಗಿ ಜನ ನವನಗರಕ್ಕೆ ಬಂದಾಗ ಅಂಥ ಎಷ್ಟೋ ಮನೆಗಳು ಹೋದವು. ಅಲ್ಲಿಯ ನಮ್ಮ ದೊಡ್ಡವ್ವ ಈಗಲೂ ಆರ್‌ಸಿಸಿ ಮನೆಯೊಳಗೆ ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ, "ಆ ಮನ್ಯಾಗ ಬಿಸಿಲಿನ ಸುದ್ದಿ ನಮಗ ಮಂದಿ ಬಂದು ಹೇಳಿದ್ರ ಗೊತ್ತಾಗ್ತಿತ್ತು" ಎನ್ನುತ್ತಾಳೆ. ಅವಳಿಗೂ ವಾಪಸ್ ಮಣ್ಣಿನ ಮನೆ ಬೇಡ, ಪ್ರತಿ ವರ್ಷ ಮಳೆಗೆ ಮುನ್ನ ಮಾಳಿಗೆಗೆ ಮಣ್ಣು ಹೊರುವವರು ಯಾರು?

ಸರಿ, ನಕ್ಷತ್ರವಿಲ್ಲ, ಕಾಲಂ ಇಲ್ಲ. ಕೊಳ್ಳುವವರಿಗೆ ನಾನು ಮೊದಲೆಲ್ಲ ಹೇಳುತ್ತಿದ್ದ ಮಾತು, ಹಳೆ ಬಿಲ್ಲು ಕೇಳಿ, ಏಪ್ರಿಲ್ ಮೇ ತಿಂಗಳಿನದು, ಡಿಸೆಂಬರಿನದರ ಜೊತೆ ಹೋಲಿಸಿ ಎಂದು. ಈಗಲೂ ಹೇಳುತ್ತೇನೆ, ಆದರೆ ಮೊದಲಿನ ಧೈರ್ಯದಿಂದಲ್ಲ. ಆಶ್ರಮ ರಸ್ತೆಯ ಆ ಮೇಲಿನ ಮನೆಯ ಮೇ ಬಿಲ್ಲು ನೋಡಿದೆ: ಎಪ್ಪತ್ತು ಚಿಲ್ಲರೆ ಯೂನಿಟ್, ಕೆಳಗಿನ ಮನೆಗಿಂತ ಕಡಿಮೆ! ಬಾಡಿಗೆಗಿದ್ದ ಅಕ್ಕನನ್ನು ಕೇಳಿದರೆ ನಕ್ಕರು. "ಏಸಿ ಎಲ್ಲೈತ್ರಿ ಸರ? ರಾತ್ರಿ ಹಾಸಿಗಿ ತಗೊಂಡು ಮಾಳಿಗಿ ಮ್ಯಾಲ ಹೋಗ್ತೀವಿ. ಫ್ಯಾನ್ ಸುದ್ದಾ ಹಚ್ಚೂದಿಲ್ಲ." ಜರ್ಮನಿಯಲ್ಲಿ ಇದೇ ಗಮನಕ್ಕೆ ಬಂದಿದೆ. ಮನೆಗಳಲ್ಲಿ ಜನ ಬಳಸುವ ಶಕ್ತಿ, ಲೆಕ್ಕ ಹೇಳುವುದಕ್ಕಿಂತ ಸರಾಸರಿ ಶೇ 30ರಷ್ಟು ಕಡಿಮೆ, ದರ್ಜೆ ಕೆಟ್ಟಷ್ಟೂ ಆ ಅಂತರ ಹೆಚ್ಚು ಎಂದು 2012ರ ಒಂದು ಅಧ್ಯಯನ ತೋರಿಸಿತು. ಅಲ್ಲಿಯವರು ಚಳಿಯಲ್ಲಿ ಒಂದು ಕೋಣೆ ಮಾತ್ರ ಬೆಚ್ಚಗಿಟ್ಟುಕೊಂಡು ನಡೆಸುತ್ತಾರೆ, ನಮ್ಮವರು ಮಾಳಿಗೆ ಹತ್ತುತ್ತಾರೆ. ಬಿಲ್ಲಿನಲ್ಲಿ ಕಾಣುವುದು ಉರಿದ ಕರೆಂಟು, ಸಹಿಸಿಕೊಂಡ ಸೆಕೆ ಅಲ್ಲ.

ಅದಕ್ಕೆ ಈಗ ಹೇಳುವುದು ಇಷ್ಟು. ಬಿಲ್ಲು ನೋಡಿ, ಜೊತೆಗೆ ಮೇ ತಿಂಗಳಲ್ಲಿ ಸಂಜೆ ಏಳರ ನಂತರ ಮನೆ ನೋಡಲು ಹೋಗಿ. ಮಾರುವವರು ಬೆಳಿಗ್ಗೆ ಹತ್ತಕ್ಕೆ ಕರೆಯುತ್ತಾರೆ, ಕಿಟಕಿ ತೆಗೆದಿಟ್ಟು ನೆಲ ಒರೆಸಿರುತ್ತಾರೆ. ಏಳರ ನಂತರ ಪಶ್ಚಿಮದ ಗೋಡೆಗೆ ಒಳಗಿನಿಂದ ಕೈ ಇಡಿ. ಆಮೇಲೆ ಮಾಳಿಗೆ ಹತ್ತಿ. ಬಿಳಿ ಟೈಲ್ಸಿನ ಚೂರು ಹಾಕಿದ್ದಾರೆಯೇ, ಬರಿಯ ಸಿಮೆಂಟೇ, ಟಾರ್ ಶೀಟೇ? ಸೋಲಾರ್ ಫಲಕ ಇದ್ದರೆ ಅದು ಎರಡು ಕೆಲಸ ಮಾಡುತ್ತದೆ, ಕರೆಂಟು ಕೊಡುವುದರ ಜೊತೆ ತನ್ನ ಕೆಳಗಿನ ಸ್ಲ್ಯಾಬಿಗೆ ನೆರಳೂ ಆಗುತ್ತದೆ. 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಇದೆ, ಹಾಗಾಗಿ ಫಲಕಕ್ಕೆ ಮಾಲೀಕ ಪೂರ್ತಿ ಬೆಲೆ ಕೇಳಿದರೆ ಚೌಕಾಸಿ ಮಾಡಲು ಜಾಗವಿದೆ.

ಆಶ್ರಮ ರಸ್ತೆಯ ಕಾಕಾ ಮರುವರ್ಷ ಮಾರ್ಚಿನಲ್ಲಿ ಮಾಳಿಗೆಗೆ ಎರಡು ಸಲ ಬಿಳಿ ಬಣ್ಣ ಹೊಡೆಸಿದರು. ಜೂನಿನಲ್ಲಿ ಬಾಡಿಗೆ 500 ಏರಿಸಿದರು, ಅಕ್ಕ ಬಿಟ್ಟು ಹೋಗಲಿಲ್ಲ. ಸಾಲ ಹೆಚ್ಚಿಸಲು ಮತ್ತೆ ನನ್ನನ್ನೇ ಕಳಿಸಿದರು ಬ್ಯಾಂಕಿನವರು. "ಈ ಸಲ ಬಿಳೀ ಬಣ್ಣ ರಿಪೋರ್ಟಿನ್ಯಾಗ ಬರೀತೀರಿಲ್ರಿ?" ಎಂದು ಕಾಕಾ ಕೇಳಿದರು. ಎಲ್ಲಿ ಬರೆಯುವುದೆಂದು ಸ್ವಲ್ಪ ಹೊತ್ತು ಹುಡುಕಿ, ಕಡೆಗೆ ಷರಾ ಎಂಬಲ್ಲಿ ಒಂದು ಸಾಲು ಬರೆದೆ. ಕಟ್ಟಡಕ್ಕೆ ಒಂದು ವರ್ಷ ವಯಸ್ಸು ಹೆಚ್ಚಾಗಿತ್ತು, ಸವಕಳಿ ಕಳೆದರೆ ಅದರ ಬೆಲೆ ಹೋದ ವರ್ಷಕ್ಕಿಂತ ಕಡಿಮೆಯೇ ಬಂತು.